ನಿಮ್ಮವರೆಗೆ ಬಾರದ ಷರಾ

ಚಿತ್ರದುರ್ಗ ಮತ್ತು ದಾವಣಗೆರೆ ಜಿಲ್ಲೆಗಳ ಶಾಸಕರಿಗೆ, ಸಂಸದರಿಗೆ, ಉಸ್ತುವಾರಿ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಮಸ್ಕಾರ. ನಾನು ಮೂವತ್ತೊಂದು ವರ್ಷ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದವಳು. ಅದರಲ್ಲಿ ಹೆಚ್ಚು ಕಾಲ ಕಳೆದದ್ದು ಚಿತ್ರದುರ್ಗ ಜಿಲ್ಲೆಯ ಒಂದು ತಾಲೂಕಿನಲ್ಲಿ. ಈಗ ನಿವೃತ್ತಿಯಾಗಿ ದುರ್ಗದಲ್ಲೇ ಇದ್ದೇನೆ. ನೀವು ನನ್ನನ್ನು ನೋಡಿರಲಿಕ್ಕಿಲ್ಲ. ನಾನು ಬರೆದದ್ದನ್ನು ಮಾತ್ರ ಓದಿದ್ದೀರಿ. ಕೆಡಿಪಿ (ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮ) ಪ್ರಗತಿ ಪರಿಶೀಲನಾ ಸಭೆಯಲ್ಲಿ ನಿಮ್ಮಂಥವರ ಮುಂದೆ ಇಡುತ್ತಿದ್ದ ಪ್ರಗತಿ ವರದಿಗಳಲ್ಲಿ ಎಷ್ಟೋ ಪುಟಗಳು ನನ್ನ ಕೈಯಲ್ಲೇ ತಯಾರಾದವು.

ಈ ಪತ್ರ ಯಾವ ಒಂದು ಪಕ್ಷಕ್ಕೂ ಅಲ್ಲ. ನಾನು ಕೆಲಸದಲ್ಲಿದ್ದಾಗ ಮೂರೂ ಪಕ್ಷದವರು ಬಂದು ಆ ಕುರ್ಚಿಯಲ್ಲಿ ಕೂತು ಹೋಗಿದ್ದಾರೆ. ಹಾಳೆ ಅದೇ, ಕಾಲಂ ಅದೇ, ಸಭೆ ನಡೆಯುವ ರೀತಿಯೂ ಅದೇ. ನಾನು ಹೇಳಬೇಕೆಂದಿರುವುದು ನೀವು ನಮಗೆ ಹೇಳುವ ಸುಳ್ಳಿನ ಬಗ್ಗೆ ಅಲ್ಲ. ನೀವು ನಿಮಗೇ ಹೇಳಿಕೊಳ್ಳುವ ಸುಳ್ಳಿನ ಬಗ್ಗೆ, ಮತ್ತು ಅದನ್ನು ನಿಮಗೆ ತಯಾರು ಮಾಡಿ ಕೊಡುವ ನಮ್ಮಂಥವರ ಬಗ್ಗೆ.

ಒಂದು ಹಾಳೆಯಿಂದ ಶುರು ಮಾಡುತ್ತೇನೆ.

ಶುದ್ಧ ಕುಡಿಯುವ ನೀರಿನ ಘಟಕಗಳ ವರದಿ ಅದು. ನಮ್ಮ ಜಿಲ್ಲೆಯ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಅನ್ನುವುದು ನಿಮಗೆ ಗೊತ್ತು. ಲೀಟರಿಗೆ 1.5 ಮಿಲಿಗ್ರಾಂಗಿಂತ ಹೆಚ್ಚಿರಬಾರದು ಅನ್ನುತ್ತಾರೆ, ಎಷ್ಟೋ ಹಳ್ಳಿಗಳಲ್ಲಿ ಆ ಮಿತಿ ದಾಟಿರುತ್ತದೆ. ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ. ವಯಸ್ಸಾದವರಿಗೆ ಕೀಲು ಹಿಡಿದು ಸೊಂಟ ಬಗ್ಗುವುದಿಲ್ಲ. ಅದಕ್ಕೇ ಊರೂರಿಗೂ ಘಟಕ ಬಂತು. ನಾಣ್ಯ ಹಾಕಿದರೆ ಇಪ್ಪತ್ತು ಲೀಟರಿನ ಕ್ಯಾನು ತುಂಬುತ್ತದೆ. ಒಳ್ಳೆಯ ಯೋಜನೆ, ಅದರಲ್ಲಿ ಎರಡು ಮಾತಿಲ್ಲ.

ವರದಿಯಲ್ಲಿ ನಾಲ್ಕು ಕಾಲಂ. ಮಂಜೂರಾದದ್ದು, ಪೂರ್ಣಗೊಂಡದ್ದು, ಚಾಲ್ತಿಯಲ್ಲಿರುವುದು, ಕೊನೆಗೆ ಷರಾ, ಅಂದರೆ ಹೆಚ್ಚಿನ ವಿವರ ಬರೆಯುವ ಜಾಗ. ಒಂದು ಹಳ್ಳಿಯ ಘಟಕ ಕೆಟ್ಟು ನಿಂತಿತ್ತು. ಮೋಟರ್ ಓಡುತ್ತಿತ್ತು, ಒಳಗಿನ ಫಿಲ್ಟರ್ ಹಾಳಾಗಿತ್ತು. ಬರುವ ನೀರು ಬೋರ್ ನೀರಿನ ಹಾಗೇ ಇತ್ತು. ಮೊದಲ ತಿಂಗಳು ನಾನು ಚಾಲ್ತಿ ಕಾಲಂನಲ್ಲಿ ಅದನ್ನು ಬಿಟ್ಟು, ಷರಾದಲ್ಲಿ 'ದುರಸ್ತಿಯಲ್ಲಿದೆ' ಅಂತ ಬರೆದೆ. ಎರಡನೇ ತಿಂಗಳು ಮೇಲಿನವರು ಫೋನ್ ಮಾಡಿ, ಮೋಟರ್ ಓಡ್ತಿದೆ ಅಲ್ವಾ, ಮತ್ತೆ ಯಾಕೆ ಬಿಟ್ಟಿದ್ದೀರಿ ಅಂದರು. ಚಾಲ್ತಿಗೆ ಸೇರಿಸಿ, ಷರಾದಲ್ಲಿ 'ಫಿಲ್ಟರ್ ಬದಲಿಸಬೇಕಿದೆ' ಅಂತ ಬರೆದೆ. ತಾಲೂಕಿನಿಂದ ಜಿಲ್ಲೆಗೆ ಹೋಗಿ ಎಲ್ಲ ತಾಲೂಕುಗಳ ಲೆಕ್ಕವನ್ನು ಒಂದೇ ಹಾಳೆಗೆ ಸೇರಿಸುವಾಗ ಜಾಗ ಸಾಲುತ್ತಿರಲಿಲ್ಲ. ಷರಾ ಕಾಲಂ ಬಿಟ್ಟುಹೋಗುತ್ತಿತ್ತು. ಮೂರನೇ ತಿಂಗಳಿನಿಂದ ನಾನು ಷರಾ ಬರೆಯುವುದನ್ನೇ ಬಿಟ್ಟೆ. ಯಾರೂ ಓದದಿದ್ದರೆ ಯಾಕೆ ಬರೆಯಬೇಕು?

ಸುಳ್ಳು ಬರೆಯಿರಿ ಅಂತ ನನಗೆ ಯಾರೂ ಹೇಳಲಿಲ್ಲ. ಲಂಚ ಕೊಡಲಿಲ್ಲ, ಹೆದರಿಸಲಿಲ್ಲ. ಪ್ರತಿ ಮೆಟ್ಟಿಲಲ್ಲೂ ಒಬ್ಬೊಬ್ಬರು ಒಂದೊಂದು ಚೂರು ಕೈಬಿಟ್ಟರು, ಅಷ್ಟೆ. ಕೊನೆಗೆ ನಿಮ್ಮ ಮುಂದೆ ಬಂದದ್ದು ನೂರಕ್ಕೆ ತೊಂಬತ್ತರ ಮೇಲಿನ ಸಾಧನೆ.

ಕೆಲವು ತಿಂಗಳಾದ ಮೇಲೆ ಆ ಹಳ್ಳಿಯ ಪಕ್ಕದ ಊರಿನಲ್ಲಿ ಒಂದು ಕಾರ್ಯಕ್ರಮ ನಡೆಯಿತು. ಆಗ ಅಧಿಕಾರದಲ್ಲಿದ್ದ ಒಬ್ಬರು ವೇದಿಕೆ ಮೇಲೆ ನಿಂತು, ಈ ತಾಲೂಕಿನಲ್ಲಿ ಇನ್ನು ಫ್ಲೋರೈಡ್ ಸಮಸ್ಯೆಯೇ ಇಲ್ಲ ಅಂದರು. ನಾನು ಕೆಳಗೆ ಶಾಮಿಯಾನದ ಕಂಬದ ಪಕ್ಕ ನಿಂತಿದ್ದೆ. ಅವರ ಮುಖ ಚೆನ್ನಾಗಿ ಕಾಣುತ್ತಿತ್ತು. ಅದರಲ್ಲಿ ನಾಟಕ ಇರಲಿಲ್ಲ. ಮನಸಾರೆ ನಂಬಿ ಹೇಳುತ್ತಿದ್ದರು. ಅವರ ಕೈಯಲ್ಲಿದ್ದ ಟಿಪ್ಪಣಿ ನಾನೇ ಟೈಪ್ ಮಾಡಿದ್ದು.

ಅದಕ್ಕಿಂತ ಹೆಚ್ಚು ನನ್ನನ್ನು ಕೊರೆಯುವುದು ಬೇರೆಯದೇ. ಅದೇ ವಾರ ಆ ಕೆಟ್ಟ ಘಟಕದ ಊರಿನ ಒಬ್ಬ ತಾಯಿ ಖಾಲಿ ಕ್ಯಾನು ಹಿಡಿದುಕೊಂಡೇ ಕಚೇರಿಗೆ ಬಂದಿದ್ದರು. ನೀರು ಉಪ್ಪುಪ್ಪು ಅಮ್ಮಾ, ಮಗುವಿಗೆ ಕುಡಿಸೋಕೆ ಆಗಲ್ಲ ಅಂದರು. ನಾನು ಏನು ಹೇಳಿದೆ ಗೊತ್ತಾ? "ನಿಮ್ಮೂರಲ್ಲಿ ಘಟಕ ಚಾಲ್ತಿಯಲ್ಲಿದೆಯಲ್ಲಮ್ಮ, ನೀವೇ ಸರಿಯಾಗಿ ನೋಡಿಕೊಳ್ತಿಲ್ಲ." ಹಾಳೆಯಲ್ಲಿ ಹಾಗಿತ್ತು. ಹಾಳೆ ಬರೆದವಳು ನಾನೇ. ಆದರೂ ಎದುರಿಗೆ ನಿಂತ ಮನುಷ್ಯಳಿಗಿಂತ ನನ್ನ ಹಾಳೆಯನ್ನೇ ನಾನು ನಂಬಿದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕಿಲ್ಲ ಅನ್ನುತ್ತಾರೆ. ನನಗೆ ಅಂಗೈ ಹುಣ್ಣೂ ಕಾಣಿಸಲಿಲ್ಲ.

ನಿವೃತ್ತಿಯಾದ ಮೇಲೆ ಓದಲು ಪುರುಸೊತ್ತು ಸಿಕ್ಕಿತು. 1959ರಲ್ಲಿ ಅಮೆರಿಕದ ಮನೋವಿಜ್ಞಾನಿ ಲಿಯಾನ್ ಫೆಸ್ಟಿಂಗರ್ ಮತ್ತು ಅವರ ಸಂಗಡಿಗ ಕಾರ್ಲ್‌ಸ್ಮಿತ್ ಪ್ರಕಟಿಸಿದ ಒಂದು ಪ್ರಯೋಗದ ಬಗ್ಗೆ ಓದಿದಾಗ ನನ್ನ ಕಥೆಯನ್ನೇ ಯಾರೋ ಬರೆದ ಹಾಗೆ ಅನ್ನಿಸಿತು. ಕಾಲೇಜು ಹುಡುಗರಿಗೆ ಒಂದು ಗಂಟೆ ತೀರಾ ಬೇಜಾರಿನ ಕೆಲಸ ಕೊಟ್ಟರು. ಗೂಟಗಳನ್ನು ಸುಮ್ನೆ ತಿರುಗಿಸುತ್ತಾ ಕೂರುವುದು. ಆಮೇಲೆ, ಹೊರಗೆ ಕಾಯುತ್ತಿರುವವರಿಗೆ ಈ ಕೆಲಸ ತುಂಬಾ ಚೆನ್ನಾಗಿದೆ ಅಂತ ಹೇಳಿ ಅಂದರು. ಹಾಗೆ ಹೇಳಿದ್ದಕ್ಕೆ ಕೆಲವರಿಗೆ ಒಂದು ಡಾಲರ್, ಕೆಲವರಿಗೆ ಇಪ್ಪತ್ತು ಡಾಲರ್. ಕೊನೆಗೆ, ನಿಜವಾಗಿ ಕೆಲಸ ಹೇಗಿತ್ತು ಅಂತ ಅವರನ್ನೇ ಕೇಳಿದರು. ಇಪ್ಪತ್ತು ಡಾಲರ್ ಪಡೆದವರು ಬೇಜಾರಾಗಿತ್ತು ಅಂದರು. ಒಂದು ಡಾಲರ್ ಪಡೆದವರು ಚೆನ್ನಾಗಿಯೇ ಇತ್ತು ಅಂದರು.

ಜಾಸ್ತಿ ದುಡ್ಡು ಪಡೆದವನಿಗೆ ದುಡ್ಡಿಗಾಗಿ ಸುಳ್ಳು ಹೇಳಿದೆ ಅನ್ನುವುದು ಗೊತ್ತು. ಅವನ ಒಳಗಿನ ನಿಜ ಹಾಗೇ ಉಳಿಯುತ್ತದೆ. ಪುಡಿಗಾಸಿಗೆ ಸುಳ್ಳು ಹೇಳಿದವನಿಗೆ ತನಗೇ ಕೊಟ್ಟುಕೊಳ್ಳಲು ಕಾರಣವಿಲ್ಲ. ಹಾಗಾಗಿ ಸುಳ್ಳನ್ನೇ ನಿಜ ಮಾಡಿಕೊಳ್ಳುತ್ತಾನೆ. ನನಗೆ ಯಾರೂ ಒಂದು ರೂಪಾಯಿಯನ್ನೂ ಕೊಟ್ಟಿರಲಿಲ್ಲ. ಅದಕ್ಕೇ ಅಷ್ಟು ಗಟ್ಟಿಯಾಗಿ ನಂಬಿದೆ.

ರಾಬರ್ಟ್ ಟ್ರಿವರ್ಸ್ ಎಂಬ ಜೀವವಿಜ್ಞಾನಿ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತಾರೆ. ಬೇರೆಯವರಿಗೆ ಚೆನ್ನಾಗಿ ಮೋಸ ಮಾಡಬೇಕಾದರೆ ಮೊದಲು ತನಗೇ ಮೋಸ ಮಾಡಿಕೊಳ್ಳುವುದು ಅನುಕೂಲ ಅನ್ನುವುದು ಅವರ ವಾದ. ಗೊತ್ತಿದ್ದು ಸುಳ್ಳು ಹೇಳುವವನ ದನಿ ನಡುಗುತ್ತದೆ, ಕಣ್ಣು ತಪ್ಪಿಸುತ್ತದೆ. ನಂಬಿ ಹೇಳುವವನಿಗೆ ಆ ತೊಂದರೆಯೇ ಇಲ್ಲ. ಅವತ್ತು ವೇದಿಕೆ ಮೇಲಿದ್ದವರ ಮುಖ ನನಗೆ ಇವತ್ತಿಗೂ ನೆನಪಾಗುವುದು ಇದೇ ಕಾರಣಕ್ಕೆ. ಗೊತ್ತಿದ್ದೂ ಸುಳ್ಳು ಹೇಳುವ ನಾಯಕನಿಗಿಂತ ತಾನು ಹೇಳಿದ್ದನ್ನೆಲ್ಲ ನಂಬಿಬಿಡುವ ನಾಯಕನ ಬಗ್ಗೆ ನನಗೆ ಭಯ ಜಾಸ್ತಿ. ಸುಳ್ಳುಗಾರನಿಗೆ ನಿಜ ಎಲ್ಲಿಟ್ಟಿದ್ದೇನೆ ಅನ್ನುವುದು ನೆನಪಿರುತ್ತದೆ. ಬೇಕಾದ ದಿನ ಹೋಗಿ ತರಬಲ್ಲ. ನಂಬಿಬಿಟ್ಟವನಿಗೆ ಹುಡುಕಬೇಕು ಅಂತಲೂ ಹೊಳೆಯುವುದಿಲ್ಲ.

ಆ ವರದಿಯಿಂದ ಏನಾಯಿತು ಕೇಳಿ. ಮರು ವರ್ಷ ದುರಸ್ತಿಗೆ ದುಡ್ಡು ಹಂಚುವಾಗ ನಮ್ಮ ತಾಲೂಕಿಗೆ ಕಡಿಮೆ ಬಂತು. ಸಾಧನೆ ಚೆನ್ನಾಗಿರುವ ತಾಲೂಕಿಗೆ ದುರಸ್ತಿ ಯಾಕೆ? ತೀರ್ಮಾನ ಮಾಡಿದವರ ಲೆಕ್ಕದಲ್ಲಿ ತಪ್ಪಿರಲಿಲ್ಲ. ಅವರ ಮುಂದಿದ್ದ ಹಾಳೆಯೇ ತಪ್ಪು.

ಇದು ನಮ್ಮ ಜಿಲ್ಲೆಯ ಸಣ್ಣ ಕಥೆ. ದೊಡ್ಡ ಕಥೆ ಚೀನಾದಲ್ಲಿ ನಡೆದಿದೆ. 1958ರಲ್ಲಿ ಅಲ್ಲಿನ ನಾಯಕ ಮಾವೋ ಉತ್ಪಾದನೆಯನ್ನು ಒಮ್ಮೆಲೇ ಏರಿಸುವ 'ಮಹಾ ಜಿಗಿತ' ಎಂಬ ಕಾರ್ಯಕ್ರಮ ಶುರು ಮಾಡಿದರು. ಹಳ್ಳಿಯವರು ಬೆಳೆಯ ಲೆಕ್ಕವನ್ನು ಒಂದಿಷ್ಟು ಏರಿಸಿದರು, ಅದರ ಮೇಲಿನವರು ಇನ್ನಷ್ಟು ಏರಿಸಿದರು. ನಾಯಕರು ನೋಡಲು ಬರುವ ದಾರಿಯಲ್ಲಿ ನಾಲ್ಕಾರು ಗದ್ದೆಗಳ ಪೈರು ಕಿತ್ತು ಒಂದೇ ಗದ್ದೆಗೆ ಒತ್ತೊತ್ತಾಗಿ ನೆಟ್ಟರು. ಅದೇ ಆಗಸ್ಟ್‌ನಲ್ಲಿ ಷುಶುಯ್ ಎಂಬ ಕಡೆ ಹೋಗಿದ್ದ ಮಾವೋ, ಇಷ್ಟೊಂದು ಧಾನ್ಯವನ್ನು ತಿಂದು ಮುಗಿಸುವುದು ಹೇಗೆ ಅಂತ ಕೇಳಿದರಂತೆ. ಹಾಳೆಯಲ್ಲಿದ್ದ ಬೆಳೆಯ ಲೆಕ್ಕಕ್ಕೆ ಸರಿಯಾಗಿ ಸರ್ಕಾರ ಧಾನ್ಯ ಎತ್ತಿಕೊಂಡು ಹೋಯಿತು. ಹಳ್ಳಿಯಲ್ಲಿ ತಿನ್ನಲು ಉಳಿಯಲಿಲ್ಲ. ಸತ್ತವರ ಲೆಕ್ಕ ಕಡಿಮೆ ಅಂದರೂ ಒಂದೂವರೆ ಕೋಟಿ.

1959ರ ಜುಲೈನಲ್ಲಿ ರಕ್ಷಣಾ ಮಂತ್ರಿ ಪೆಂಗ್ ದೆಹುವಾಯ್ ಇದರ ಬಗ್ಗೆ ಮಾವೋಗೆ ಒಂದು ಪತ್ರ ಬರೆದರು. ವಿನಯದಿಂದಲೇ ಬರೆದಿದ್ದರು. ಸೆಪ್ಟೆಂಬರ್‌ನಲ್ಲಿ ಅವರ ಪದವಿ ಹೋಯಿತು. ಆಮೇಲೆ ಪತ್ರ ಬರೆಯುವ ಧೈರ್ಯ ಯಾರಿಗಿರುತ್ತದೆ? ಕ್ಷಾಮ ಇನ್ನೂ ಎರಡು ವರ್ಷ ನಡೆಯಿತು.

ನಮ್ಮದು ಪ್ರಜಾಪ್ರಭುತ್ವ, ಇಲ್ಲಿ ಹಾಗಾಗುವುದಿಲ್ಲ ಅನ್ನಬಹುದು. ಅಷ್ಟರ ಮಟ್ಟಿಗೆ ಆಗುವುದಿಲ್ಲ, ನಿಜ. ಆದರೂ 1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಹೇರಿ, ಪತ್ರಿಕೆಗಳ ಬಾಯಿ ಕಟ್ಟಿಸಿದ ಇಂದಿರಾ ಗಾಂಧಿಯವರು 1977ರ ಚುನಾವಣೆಯಲ್ಲಿ ರಾಯ್‌ಬರೇಲಿಯಲ್ಲಿ ತಾವೇ ಸೋತರು. ಪತ್ರಿಕೆಗೆ ಕಟ್ಟಿದ ಬಟ್ಟೆ ಅವರ ಕಿವಿಗೂ ಕಟ್ಟಿತ್ತು ಅಂತ ನನ್ನ ಅನಿಸಿಕೆ. (ನಮ್ಮ ರಾಜ್ಯದಲ್ಲಿ ಅದೇ ಚುನಾವಣೆಯಲ್ಲಿ 28ರಲ್ಲಿ 26 ಕಡೆ ಕಾಂಗ್ರೆಸ್ಸೇ ಗೆದ್ದಿತು. ಜನರ ಮನಸ್ಸು ಎಲ್ಲ ಕಡೆ ಒಂದೇ ಥರ ಇರುವುದಿಲ್ಲ ಅನ್ನುವುದನ್ನೂ ಹೇಳಬೇಕು.) 2004ರಲ್ಲಿ ವಾಜಪೇಯಿ ಸರ್ಕಾರ 'ಇಂಡಿಯಾ ಶೈನಿಂಗ್' ಅಂತ ಜಾಹೀರಾತು ಹಾಕಿ, ಅದನ್ನು ತಾನೇ ನಂಬಿ ಅವಧಿಗೆ ಮುಂಚೆ ಚುನಾವಣೆಗೆ ಹೋಗಿ ಸೋತಿತು. ಇಲ್ಲಿ ಎಸ್.ಎಂ. ಕೃಷ್ಣ ಅವರೂ ಅದೇ ಹೊತ್ತಿಗೆ ವಿಧಾನಸಭೆ ವಿಸರ್ಜಿಸಿದರು. ಬೆಂಗಳೂರು ಹೊಳೆಯುತ್ತಿತ್ತು. ನಮ್ಮ ಕಡೆ ಮೂರು ವರ್ಷದ ಬರ. ಕಾಂಗ್ರೆಸ್ 132ರಿಂದ 65ಕ್ಕೆ ಇಳಿಯಿತು. ಸೋತ ಪಕ್ಷಗಳು ಬೇರೆ ಬೇರೆ, ಎಡವಿದ ಕಲ್ಲು ಒಂದೇ.

ಈಗ ನೀರಿನ ಮಾತಿಗೆ ಬರುತ್ತೇನೆ. ನಮ್ಮ ಎರಡೂ ಜಿಲ್ಲೆಗೆ ಇದಕ್ಕಿಂತ ದೊಡ್ಡ ಮಾತಿಲ್ಲ.

ಭದ್ರಾ ಮೇಲ್ದಂಡೆ ಯೋಜನೆಗೆ 2003ರಲ್ಲಿ ಮೊದಲ ಮಂಜೂರಾತಿ ಸಿಕ್ಕಾಗ ಅಂದಾಜು ವೆಚ್ಚ 2,813 ಕೋಟಿ ರೂಪಾಯಿ. ಆಮೇಲೆ ಅದು 21,473 ಕೋಟಿಗೆ ಏರಿತು. ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ 2,25,515 ಹೆಕ್ಟೇರ್ ಜಮೀನಿಗೆ ನೀರು, 367 ಕೆರೆಗಳಿಗೆ ತುಂಬುವ ಭಾಗ್ಯ ಅನ್ನುವುದು ಲೆಕ್ಕ. 2023ರ ಫೆಬ್ರವರಿ 1ರಂದು ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ಘೋಷಣೆಯಾಯಿತು. ದುರ್ಗದಲ್ಲಿ ಅವತ್ತು ಪಟಾಕಿ ಹೊಡೆದರು. ಆಮೇಲೆ ಆ ಹಣದ ಬಗ್ಗೆ ಕೇಂದ್ರದವರು ರಾಜ್ಯದ ಕಡೆ, ರಾಜ್ಯದವರು ಕೇಂದ್ರದ ಕಡೆ ಬೆರಳು ತೋರಿಸುತ್ತಾ ಬಂದಿದ್ದಾರೆ. ಇಷ್ಟರ ನಡುವೆಯೂ ಬಂದವರೆಲ್ಲ ಹೇಳಿದ್ದು ಒಂದೇ ಮಾತು: ಮುಂದಿನ ವರ್ಷ ನೀರು ಹರಿಯುತ್ತದೆ.

ಈ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಹೊಳಲ್ಕೆರೆ ಕಡೆ ನನ್ನ ತಮ್ಮನ ನಾಲ್ಕು ಎಕರೆ ಇದೆ. 2022ರ ಸೆಪ್ಟೆಂಬರ್‌ನಲ್ಲಿ ಮಾರಿಕಣಿವೆ (ವಾಣಿವಿಲಾಸ ಸಾಗರ) ಅಣೆಕಟ್ಟು ಕೋಡಿ ಬಿದ್ದಿತಲ್ಲ, 1933ರ ನಂತರ ಮೊದಲ ಸಲ. ಎಂಬತ್ತೊಂಬತ್ತು ವರ್ಷ! ನಾವೆಲ್ಲ ಗಾಡಿ ಮಾಡಿಕೊಂಡು ನೋಡಲು ಹೋಗಿದ್ದೆವು. ನಮ್ಮಜ್ಜಿ ಹುಡುಗಿಯಾಗಿದ್ದಾಗ ಕಂಡಿದ್ದನ್ನು ನಾವು ಕಂಡೆವು ಅಂತ ಕಣ್ಣಲ್ಲಿ ನೀರು ಬಂತು. ಅಣೆಕಟ್ಟು ತುಂಬಿದ್ದಕ್ಕೆ ಭದ್ರೆಯಿಂದ ಬಂದ ನೀರೂ ಕಾರಣ, ವೇದಾವತಿಯ ಮೇಲೆ ಸುರಿದ ಮಳೆಯೂ ಕಾರಣ. ಆದರೆ ಆ ದಿನಗಳಲ್ಲಿ ನಮ್ಮ ಕಡೆಯ ಒಂದು ಸಭೆಯಲ್ಲಿ ನನ್ನ ತಮ್ಮ ಕೇಳಿ ಬಂದದ್ದು ಬೇರೆ. ಇನ್ನು ನಮ್ಮ ಜಿಲ್ಲೆಗೆ ಬರ ಎಂಬುದೇ ಇಲ್ಲ ಅಂದರಂತೆ. ಮಳೆಯ ಪಾಲಿನ ಮಾತನ್ನು ಯಾರೂ ಆಡಲಿಲ್ಲ. ಅದು ಷರಾಕ್ಕೆ ಹೋಯಿತು.

ತಮ್ಮ ಮೆಕ್ಕೆಜೋಳ ಬಿಟ್ಟು ಅಡಿಕೆ ಸಸಿ ಹಾಕಿದ. ಕಾಲುವೆ ಬರುವವರೆಗೆ ಇರಲಿ ಅಂತ ಬೋರ್ ಕೊರೆಸಿದ. ಮರು ವರ್ಷವೇ ರಾಜ್ಯಕ್ಕೆಲ್ಲ ಬರ. 2024ರ ಬೇಸಿಗೆಯಲ್ಲಿ ಟ್ಯಾಂಕರ್ ನೀರು ತರಿಸಿ ಒಂದೊಂದು ಬುಡಕ್ಕೂ ಕೊಡದಲ್ಲಿ ಹಾಕಿದ. ನಾನೂ ಹೋಗಿದ್ದೆ. ತಮ್ಮನ ಹೆಂಡತಿ ಎಡಗೈಯಲ್ಲಿ ಸೊಂಟ ಹಿಡಿದುಕೊಂಡು, ಬಲಗೈಯಲ್ಲಿ ಕೊಡ ಬಗ್ಗಿಸುತ್ತಿದ್ದಳು. ನೀರು ಬಿದ್ದ ಕಡೆ ಮಣ್ಣು ಚುಂಯ್ ಅನ್ನುತ್ತಿತ್ತು. ಮೂರನೇ ಬೋರ್ ಕೊರೆಸಿದ ದಿನ ಮುನ್ನೂರು ಅಡಿಯಿಂದ ಬರೀ ಧೂಳು. ಲಾರಿಯವರು ಇನ್ನೂ ಕೊರೀಲಾ ಅಂತ ಕೇಳಿದರು. ತಮ್ಮ ಕೊರೀರಿ ಅಂದ. ಸಾಲ ಯಾರ ಹತ್ತಿರ ಎಷ್ಟು ಅಂತ ನನಗೆ ಇನ್ನೂ ಹೇಳಿಲ್ಲ.

ಅವನ ತಪ್ಪೂ ಇದೆ. ಬಯಲುಸೀಮೆಯವರು ನಾವು, ಮೋಡ ಕಂಡರೆ ಮಳೆಯೇ ಬಂತು ಅನ್ನುವವರು. ನಿಮ್ಮ ಮಾತನ್ನು ನಂಬುವ ಆಸೆ ನಮ್ಮಲ್ಲೂ ಇದೆ. ಆದರೆ ನೀವು ವೇದಿಕೆ ಮೇಲೆ ನಿಂತು ಹೇಳುವ ಒಂದು ವಾಕ್ಯದ ಮೇಲೆ ಒಬ್ಬ ರೈತ ಬೆಳೆ ಬದಲಿಸುತ್ತಾನೆ, ಸಾಲ ಮಾಡುತ್ತಾನೆ, ಮಗಳ ಮದುವೆ ಮುಂದೆ ಹಾಕುತ್ತಾನೆ. ಅಷ್ಟು ಭಾರ ಆ ವಾಕ್ಯಕ್ಕಿದೆ.

ನೀವು ಬೇಕೆಂದೇ ಮೋಸ ಮಾಡುತ್ತೀರಿ ಅಂತ ನಾನು ಅಂದುಕೊಂಡಿಲ್ಲ. ನಿಮ್ಮ ಸುತ್ತ ಏನಿದೆ ಅಂತ ನೋಡಿದ್ದೇನೆ. ಬೆಳಗ್ಗೆ ಎದ್ದರೆ ಮನೆ ಮುಂದೆ ಕಾಯುವವರು, ಗಾಳಿ ನಮ್ಮ ಕಡೆಗೇ ಇದೆ ಸಾರ್ ಅನ್ನುವವರು, ಫ್ಲೆಕ್ಸ್ ಕಟ್ಟುವವರು, ಕ್ರೇನಿನಲ್ಲಿ ಸೇಬಿನ ಹಾರ ಹಾಕಿಸುವವರು. ಹೌದಪ್ಪನ ಚಾವಡಿಯಲ್ಲಿ ಅಲ್ಲಪ್ಪನನ್ನು ಕೇಳುವವರು ಯಾರು? ಅಲ್ಲ ಅನ್ನುವವನಿಗೆ ಏನಾಗುತ್ತದೆ ಅಂತಲೂ ನೋಡಿದ್ದೇನೆ. ಒಂದು ಸಭೆಯಲ್ಲಿ ಒಬ್ಬ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಚಿಕ್ಕ ವಯಸ್ಸಿನ ಹುಡುಗ, ಎದ್ದು ನಿಂತು ನಮ್ಮ ಪಂಚಾಯಿತಿಯಲ್ಲಿ ನಲ್ಲಿ ಹಾಕಿದ್ದೇವೆ, ನೀರು ಬರ್ತಿಲ್ಲ ಸಾರ್ ಅಂದ. ಎಲ್ಲರ ಎದುರು ಅವನನ್ನು ಇಪ್ಪತ್ತು ನಿಮಿಷ ನಿಲ್ಲಿಸಿ ಬೈದರು. ಸಸ್ಪೆಂಡ್ ಮಾಡಿಸ್ತೀನಿ ಅಂದರು. ಅಂಗಿಯ ತುದಿಯನ್ನು ಬೆರಳಲ್ಲಿ ಸುತ್ತುತ್ತಾ ನಿಂತಿದ್ದ. ಮರು ತಿಂಗಳ ಸಭೆಯಲ್ಲಿ ಅವನ ಪಂಚಾಯಿತಿಯ ಸಾಧನೆ ಪೂರ್ತಿ ನೂರು. ಯಾರೂ ಏನೂ ಕೇಳಲಿಲ್ಲ. ಒಂದೇ ತಿಂಗಳಲ್ಲಿ ನೀರು ಎಲ್ಲಿಂದ ಬಂತು ಅಂತ ಕೇಳಬೇಕಿತ್ತು, ಅಲ್ವಾ?

ಅವತ್ತು ಬೈದವರು ಕೆಟ್ಟವರಲ್ಲ. ಕೆಲಸ ಆಗಲಿ ಅಂತಲೇ ಬೈದರು. ಆದರೆ ಆ ಇಪ್ಪತ್ತು ನಿಮಿಷದಲ್ಲಿ ಸಭೆಯಲ್ಲಿದ್ದ ಅಷ್ಟೂ ಅಧಿಕಾರಿಗಳು ಒಂದು ಪಾಠ ಕಲಿತರು. ಅಲ್ಲಿಂದಾಚೆಗೆ ಆ ತಾಲೂಕಿನಲ್ಲಿ ಏನು ನಡೆಯುತ್ತಿದೆ ಅನ್ನುವುದು ಅವರಿಗೆ ಗೊತ್ತಾಗಲೇ ಇಲ್ಲ.

ದುರ್ಗದ ಕೋಟೆಗೆ ಏಳು ಸುತ್ತು. ಕಾವಲು, ಬುರುಜು, ಬಾಗಿಲು ಎಲ್ಲ ಇದ್ದವು. ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ತೂರಿ ಬರುತ್ತಿದ್ದಾರೆ ಅನ್ನುವುದು ಒಳಗಿದ್ದ ದೊಡ್ಡವರಿಗೆ ಗೊತ್ತಾಗಲಿಲ್ಲ. ಗೊತ್ತಾಗಿದ್ದು ಗಂಡನ ಊಟದ ಹೊತ್ತಿಗೆ ನೀರು ತರಲು ಹೋದ ಓಬವ್ವನಿಗೆ. ನಾವು ಅವಳ ಒನಕೆಯನ್ನು ಹಾಡಿ ಹೊಗಳುತ್ತೇವೆ. ನನಗೆ ಮಾತ್ರ ಅವಳ ಕೊಡ ಮೊದಲು ನೆನಪಾಗುತ್ತದೆ. ನೀರಿಗೆ ಹೋದವರ ಕಣ್ಣಿಗೆ ಬೀಳುವುದು ವರದಿಯಲ್ಲಿ ಇರುವುದಿಲ್ಲ.

ನಿಮ್ಮಲ್ಲಿ ನನ್ನ ಬೇಡಿಕೆ ದೊಡ್ಡದೇನಲ್ಲ. ಸಭೆಗೆ ಬರುವ ಹಾಳೆಯಲ್ಲಿ ಷರಾ ಕಾಲಂ ಇದೆಯಾ ಅಂತ ಮೊದಲು ನೋಡಿ. ಇಲ್ಲದಿದ್ದರೆ ಆ ಹಾಳೆಯನ್ನು ವಾಪಸ್ ಕಳಿಸಿ. 'ಚಾಲ್ತಿಯಲ್ಲಿದೆ' ಅಂತ ಬರೆದ ಕಡೆ, ಯಾರು ಹೋಗಿ ನೋಡಿದರು, ಯಾವ ದಿನ ನೋಡಿದರು ಅಂತ ಬರೆಸಿ. ಕೆಟ್ಟ ಸುದ್ದಿ ತಂದವರನ್ನು ಮೊದಲು ಕೂರಿಸಿ, ಆಮೇಲೆ ಮಾತಾಡಿ. ಭದ್ರಾ ಮೇಲ್ದಂಡೆಗೆ ಹೊಸ ದಿನಾಂಕ ಹೇಳುವಾಗ, ಹಿಂದೆ ನೀವು ಹೇಳಿದ ದಿನಾಂಕ ಯಾವುದು, ಅದು ಯಾಕೆ ತಪ್ಪಿತು ಅನ್ನುವುದನ್ನೂ ಅದೇ ಮೈಕಿನಲ್ಲಿ ಹೇಳಿ. ನನ್ನ ತಮ್ಮನಂಥವರು ಅದನ್ನು ಕೇಳಿ ಲೆಕ್ಕ ಹಾಕಿಕೊಳ್ಳುತ್ತಾರೆ. ದಾವಣಗೆರೆ ಕಡೆಯ ಭದ್ರಾ ನಾಲೆಯ ಕೊನೆಭಾಗಕ್ಕೆ ನೀರು ಮುಟ್ಟಿದೆ ಅಂತ ವರದಿ ಬಂದರೆ, ಗೇಟ್ ಎತ್ತಿದ ದಿನ ಹೋಗಬೇಡಿ. ಹತ್ತು ದಿನ ಬಿಟ್ಟು, ಯಾರಿಗೂ ಹೇಳದೆ ಹೋಗಿ.

ಕಳೆದ ತಿಂಗಳು ನಾನು ಆ ಹಳ್ಳಿಗೆ ಹೋಗಿದ್ದೆ. ಕ್ಷಮೆ ಕೇಳಬೇಕಿತ್ತು. ಆ ತಾಯಿ ಸಿಕ್ಕಲಿಲ್ಲ, ಮಗಳ ಊರಿಗೆ ಹೋಗಿದ್ದಾರೆ ಅಂದರು. ಘಟಕದ ಬಾಗಿಲಿಗೆ ಬೀಗ ಹಾಕಿದೆ. ನಾಣ್ಯ ಹಾಕುವ ಕಿಂಡಿಗೆ ಯಾರೋ ಹುಡುಗರು ಮಣ್ಣು ತುರುಕಿದ್ದಾರೆ. ಗೋಡೆ ಮೇಲಿನ ಉದ್ಘಾಟನೆಯ ಕಲ್ಲಿನಲ್ಲಿ ಎಲ್ಲರ ಹೆಸರೂ ಇನ್ನೂ ಹೊಳೆಯುತ್ತಿವೆ.

ನಿಮ್ಮಲ್ಲಿ ಯಾರಾದರೂ ಒಬ್ಬರು ಬರುವುದಾದರೆ ನಾನೇ ಕರೆದುಕೊಂಡು ಹೋಗುತ್ತೇನೆ. ಬೆಳಗ್ಗೆ ಏಳಕ್ಕೆ ಬನ್ನಿ, ಹೆಂಗಸರು ಕ್ಯಾನು ಹಿಡಿದು ಪಕ್ಕದ ಊರಿಗೆ ನಡೆಯುವ ಹೊತ್ತು ಅದು. ಹಿಂದೆ ಮುಂದೆ ಗಾಡಿಗಳು ಬೇಡ. ಹಳೆಯ ವರದಿಯ ಒಂದು ಪ್ರತಿ ನನ್ನ ಹತ್ತಿರ ಇದೆ, ತರುತ್ತೇನೆ. ನಾನು ಖಾಲಿ ಬಿಟ್ಟ ಕಾಲಂ ಅದರಲ್ಲಿ ಹಾಗೇ ಇದೆ.

ಇತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಗುಮಾಸ್ತೆ
ಚಿತ್ರದುರ್ಗ